ಪೀಠಿಕೆಯುಳ್ಳವನು, ಪೀಠಿಕೆಯಿಲ್ಲದವಳು: ತಾಳಮದ್ದಳೆ–ಬಯಲಾಟಗಳ ಅಭಿಮಾನಿಗಳ ತೀರ್ಪನ್ನು ಕುರಿತು

ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯ ಶ್ರೋತೃವರ್ಗದಲ್ಲಿ ಕರ್ಣನ ಬಗೆಗೆ ಇರುವಷ್ಟು ವ್ಯಾಪಕವಾದ ಸಹಾನುಭೂತಿ ಬೇರೊಂದು ಪಾತ್ರಕ್ಕೆ ದೊರಕಿರುವುದು ಅಪರೂಪ. 'ಕರ್ಣಪರ್ವ' ಪ್ರಸಂಗದಲ್ಲಿ ರಥದ ಗಾಲಿ ನೆಲಕಚ್ಚಿದ ಘಳಿಗೆಗೆ ಬಂದಾಗ ಕೃಷ್ಣನ ಅರ್ಥ ಹೇಳುವವರು ಎಂಥ ಸಮರ್ಥರೇ ಆಗಿರಲಿ, ಸಭೆ ಆಗಲೇ ಕರ್ಣನ ಕಡೆಗೆ ವಾಲಿರುತ್ತದೆ. ವ್ಯಾಸಭಾರತದಲ್ಲಿ ಇದೇ ಸಂದರ್ಭದಲ್ಲಿ ಕರ್ಣನು ಯುದ್ಧಧರ್ಮವನ್ನು ನೆನಪಿಸಿದಾಗ ಕೃಷ್ಣನು ಅವನ ಹಿಂದಿನ ಕೃತ್ಯಗಳನ್ನು ಒಂದೊಂದಾಗಿ ಎತ್ತಿ ಆಡುತ್ತಾನೆ; ಏಕವಸ್ತ್ರೆಯಾಗಿದ್ದ ದ್ರೌಪದಿಯನ್ನು ಸಭೆಗೆ ಎಳೆತರಿಸಿದ್ದು ಅವುಗಳಲ್ಲಿ ಒಂದು. ನಮ್ಮ ಶ್ರೋತೃಗಳು ಈ ಆಕ್ಷೇಪವನ್ನು ಕೇಳುವುದು ಆಕ್ಷೇಪವೆಂದಲ್ಲ, ಕೃಷ್ಣನ ಜಾಣ್ಮೆಯೆಂದು. ಮಾತು ನಿಜವೋ ಅಲ್ಲವೋ ಎಂಬುದಕ್ಕಿಂತ, ಅದನ್ನು ಈ ಹೊತ್ತಿನಲ್ಲಿ ಎತ್ತಬಾರದಿತ್ತು ಎಂಬ ಭಾವವೇ ಮುಂದಾಗುತ್ತದೆ.

ಸಭಾಪರ್ವದಲ್ಲಿ ಕರ್ಣನು ಆಡಿದ ಮಾತುಗಳಾದರೂ ಅಸ್ಪಷ್ಟವಾದವಲ್ಲ. ಕೌರವರಲ್ಲಿಯೇ ಒಬ್ಬನಾದ ವಿಕರ್ಣನು ದ್ರೌಪದಿಯ ಪ್ರಶ್ನೆಗೆ ಉತ್ತರ ಸಲ್ಲಬೇಕೆಂದು ವಾದಿಸಿದಾಗ ಅವನನ್ನು ಗದರಿಸಿ ಕೂರಿಸಿದವನು ಕರ್ಣ. ಐವರ ಹೆಂಡತಿಯಾದವಳು 'ಬಂಧಕಿ' ಎಂದವನೂ ಅವನೇ. ಪಾಂಡವರ ಮತ್ತು ದ್ರೌಪದಿಯ ಉಡುಗೆಯನ್ನು ಕಳಚುವಂತೆ ದುಃಶಾಸನನಿಗೆ ಹೇಳಿದವನೂ ಅವನೇ. ಮುಂದೆ ಉದ್ಯೋಗಪರ್ವದಲ್ಲಿ ಅವನು ಪಶ್ಚಾತ್ತಾಪಪಡುತ್ತಾನೆಂಬುದು ನಿಜ. ಆದರೆ ಅಲ್ಲಿ ಅವನ ಮಾತನ್ನು ಎಚ್ಚರದಿಂದ ಓದಬೇಕು. ದುರ್ಯೋಧನನ ಪ್ರೀತಿಗಾಗಿ ಪಾಂಡವರ ವಿಷಯದಲ್ಲಿ ಕಟುವಾಗಿ ಆಡಿದೆನೆಂದು ಅವನು ಮರುಗುತ್ತಾನೆ. ದ್ರೌಪದಿಯ ಹೆಸರು ಆ ಮರುಕದಲ್ಲಿ ಬರುವುದಿಲ್ಲ.

ಇದಕ್ಕೆ ಪ್ರತಿಯಾಗಿ ದ್ರೌಪದಿಯ ಮೇಲೆ ಹೊರಿಸಲಾಗುವ ಎರಡು ಪ್ರಸಿದ್ಧ ಅಪರಾಧಗಳನ್ನು ಪರಿಶೀಲಿಸೋಣ. ಮೊದಲನೆಯದು, ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ಕೊಳಕ್ಕೆ ಬಿದ್ದಾಗ ಅವಳು ನಕ್ಕಳು, ಕುರುಡನ ಮಗ ಕುರುಡನೆಂದಳು, ಆ ನಗೆಯೇ ಕುರುಕ್ಷೇತ್ರಕ್ಕೆ ಕಾರಣವಾಯಿತು ಎಂಬುದು. ಸಭಾಪರ್ವದಲ್ಲಿ ಪ್ರಸಂಗವನ್ನು ನಿರೂಪಕನೇ ಹೇಳುವಾಗ ನಕ್ಕವರೆಂದು ಬರುವುದು ಭೀಮಾದಿ ಸೋದರರು ಮತ್ತು ಸೇವಕರು. ದ್ರೌಪದಿಯ ಹೆಸರು ಬರುವುದು ದುರ್ಯೋಧನನು ಊರಿಗೆ ಮರಳಿ ತಂದೆಯ ಮುಂದೆ ದೂರು ಹೇಳುವಾಗ. ಅಲ್ಲಿಯೂ ಕೃಷ್ಣಾರ್ಜುನರ ಜೊತೆಗೆ, ಇತರ ಹೆಂಗಸರ ಜೊತೆಗೆ. ಕುರುಡನ ಮಗನೆಂಬ ಮಾತು ಎರಡೂ ಕಡೆ ಇಲ್ಲ. ಎರಡನೆಯದು, ಸ್ವಯಂವರದಲ್ಲಿ ಸೂತಪುತ್ರನನ್ನು ವರಿಸಲಾರೆನೆಂದು ಅವಳು ಕರ್ಣನನ್ನು ಅವಮಾನಿಸಿದಳೆಂಬುದು. ಇದು ಕೆಲವು ಹಸ್ತಪ್ರತಿಗಳಲ್ಲಷ್ಟೇ ಕಾಣುವ ಪಾಠವಾದುದರಿಂದ 1966ರಲ್ಲಿ ಪೂರ್ಣಗೊಂಡ ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯು ಇದನ್ನು ಮೂಲಪಾಠದಿಂದ ಕೈಬಿಟ್ಟಿದೆ. ಅಂದರೆ, ಗಂಡಿನ ಬಾಯಿಂದ ನಿಶ್ಚಿತವಾಗಿ ಹೊರಟ ಮಾತು ಜನಮನದಿಂದ ಜಾರಿಹೋಗಿದೆ. ಹೆಣ್ಣಿನ ಬಾಯಿಂದ ಹೊರಟಿತೋ ಇಲ್ಲವೋ ಎಂಬಂತಹ ಮಾತು ಅಚ್ಚಳಿಯದೆ ಉಳಿದಿದೆ.

ಮೂಲವನ್ನು ಬಿಟ್ಟದ್ದು ತಪ್ಪೆಂದು ಹೇಳುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಮೌಖಿಕ ಪರಂಪರೆಗೆ ತನ್ನದೇ ಮಹಾಭಾರತವನ್ನು ಕಟ್ಟಿಕೊಳ್ಳುವ ಅಧಿಕಾರವಿದೆ, ಇಲ್ಲವಾದರೆ ಜಾನಪದ ಅಧ್ಯಯನಕ್ಕೆ ವಸ್ತುವೇ ಇರುತ್ತಿರಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಸೇರಿಸುವ ಮತ್ತು ಬಿಡುವ ಈ ಸ್ವಾತಂತ್ರ್ಯವು ಗಂಡುಪಾತ್ರಗಳ ವಿಷಯದಲ್ಲಿ ಸದಾ ದೋಷವನ್ನು ತಗ್ಗಿಸುವ ಕಡೆಗೂ ಹೆಣ್ಣುಪಾತ್ರಗಳ ವಿಷಯದಲ್ಲಿ ದೋಷವನ್ನು ಹೆಚ್ಚಿಸುವ ಕಡೆಗೂ ಏಕೆ ಹರಿಯುತ್ತದೆ? ಪುರುಷಪ್ರಧಾನ ಮೌಲ್ಯವ್ಯವಸ್ಥೆ ಎಂಬ ಉತ್ತರ ಸಿದ್ಧವಾಗಿಯೇ ಇದೆ, ಅದು ಸುಳ್ಳೂ ಅಲ್ಲ. ಆದರೆ ಅದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸಿಬಿಡುವುದರಿಂದ ಯಾವುದನ್ನೂ ಹತ್ತಿರದಿಂದ ನೋಡಲು ಬಿಡುವುದಿಲ್ಲ. ಪ್ರದರ್ಶನದ ಒಳಗಡೆ ಈ ಕೆಲಸ ಯಾವ ಉಪಕರಣದಿಂದ ನಡೆಯುತ್ತದೆ ಎಂಬುದನ್ನು ಹುಡುಕಿದರೆ ತಾಳಮದ್ದಳೆಯಲ್ಲಿ ಅದು ಸ್ಪಷ್ಟವಾಗಿಯೇ ಸಿಗುತ್ತದೆ. ಅದು ಪೀಠಿಕೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಕುಳಿತಲ್ಲಿಯೇ ಆಶುವಾಗಿ ಅರ್ಥ ಹೇಳುತ್ತಾನೆ. ಪ್ರಮುಖ ಪಾತ್ರವು ಮೊದಲು ಮಾತಿಗಾರಂಭಿಸುವಾಗ ತಾನು ಯಾರು, ಎಲ್ಲಿಂದ ಬಂದೆ, ಈ ಘಳಿಗೆಗೆ ಹೇಗೆ ತಲುಪಿದೆ ಎಂಬುದನ್ನು ವಿಸ್ತಾರವಾಗಿ ನಿರೂಪಿಸುವ ಭಾಗವೇ ಪೀಠಿಕೆ. ಪ್ರಸಂಗದ ಪದ್ಯದಲ್ಲಿ ಇದು ಇರುವುದಿಲ್ಲ, ಇದ್ದರೂ ಸೂಚನೆಯಾಗಿ ಮಾತ್ರ. ಅರ್ಥಧಾರಿಯ ವಿದ್ವತ್ತು, ಪುರಾಣಜ್ಞಾನ, ಭಾವಶಕ್ತಿಗಳೆಲ್ಲ ಇಲ್ಲಿ ಪ್ರಕಟವಾಗಬೇಕು. ಕರ್ಣನು ನದಿಯಲ್ಲಿ ತೇಲಿಬಂದದ್ದು, ಪರಶುರಾಮರ ಶಾಪ, ರಂಗಮಧ್ಯದಲ್ಲಿ ಕುಲವನ್ನು ಕೇಳಿಸಿಕೊಂಡದ್ದು, ದುರ್ಯೋಧನನು ಕೊಟ್ಟ ಅಂಗರಾಜ್ಯ, ಇವೆಲ್ಲ ಪೀಠಿಕೆಯ ಸಾಮಗ್ರಿ. ಒಬ್ಬನ ಜನ್ಮವೃತ್ತಾಂತವನ್ನು ಅವನ ಬಾಯಿಂದಲೇ ಅರ್ಧ ಗಂಟೆ ಕೇಳಿದವರಿಗೆ ಆಮೇಲೆ ಅವನು ಮಾಡಿದ್ದು ಅಪರಾಧವಾಗಿ ಕಾಣುವುದಿಲ್ಲ, ಪರಿಣಾಮವಾಗಿ ಕಾಣುತ್ತದೆ. ಇದು ಮನುಷ್ಯಸಹಜವಾದುದು. ದೋಷ ಇರುವುದು ಆಲಿಸುವುದರಲ್ಲಲ್ಲ, ಯಾರನ್ನು ಆಲಿಸಬೇಕೆಂಬುದು ಮೊದಲೇ ನಿರ್ಧಾರವಾಗಿರುವುದರಲ್ಲಿ.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ತಮ್ಮ ರಾವಣ, ವಾಲಿ, ಮಾಗಧ ಪಾತ್ರಗಳಿಂದ ತಾಳಮದ್ದಳೆಯ ಪ್ರತಿನಾಯಕರಿಗೆ ಹೊಸ ಎತ್ತರವನ್ನು ತಂದುಕೊಟ್ಟವರೆಂಬುದು ಸರ್ವವಿದಿತ. ಅವರ ತಲೆಮಾರಿನ ಅರ್ಥಧಾರಿಗಳಿಂದ ಈ ಪರಂಪರೆ ಬೌದ್ಧಿಕವಾಗಿ ಬೆಳೆಯಿತು. ಖಳನೆಂದು ತಳ್ಳಿಹಾಕಿದ್ದ ಪಾತ್ರವು ಎದುರಾಳಿಯನ್ನು ತರ್ಕದಲ್ಲಿ ಕಟ್ಟಿಹಾಕುವುದನ್ನು ಕೇಳುವ ಸುಖವೇ ಸುಖ. ಆದರೆ ಈ ಔದಾರ್ಯ ಯಾವ ಪಾತ್ರಗಳವರೆಗೆ ತಲುಪಿ ಎಲ್ಲಿ ನಿಂತಿತು ಎಂಬುದನ್ನು ಪಾರ್ತಿಸುಬ್ಬನದೆಂದು ಪ್ರಸಿದ್ಧವಾದ 'ಪಂಚವಟಿ' ಪ್ರಸಂಗದಲ್ಲಿ ಕಾಣಬಹುದು. ಸೀತಾಪಹರಣವನ್ನು ಸಮರ್ಥಿಸುವ ರಾವಣನ ಬಳಿಯಿರುವ ಮುಖ್ಯ ವಾದವೆಂದರೆ ತಂಗಿಯ ಮೂಗು–ಕಿವಿ ಕೊಯ್ದ ಅವಮಾನ. ಆ ತಂಗಿಯಾದರೋ ಅದೇ ಪ್ರಸಂಗದಲ್ಲಿ ಬಯಲಾಟದ ರಂಗಸ್ಥಳಕ್ಕೆ ಬರುವುದು ಎರಡು ವೇಷಗಳಲ್ಲಿ. ಮಾಯಾಶೂರ್ಪನಖಿಯು ಸ್ತ್ರೀವೇಷಧಾರಿಯದು, ಘೋರಶೂರ್ಪನಖಿಯು ತೆಂಕುತಿಟ್ಟಿನ ಹೆಣ್ಣುಬಣ್ಣದವರದು. ಮೊದಲನೆಯದು ಒಯ್ಯಾರಕ್ಕೆ, ಎರಡನೆಯದು ಭಯ ಮತ್ತು ನಗೆಗೆ. ಎರಡರ ನಡುವೆ ಅವಳ ಪೂರ್ವವೃತ್ತಕ್ಕೆ ಎಡೆಯೇ ಇಲ್ಲ.

ಸಾಮಗ್ರಿ ಇಲ್ಲದೆ ಹೀಗಾಯಿತೆನ್ನುವಂತಿಲ್ಲ. ರಾಮಾಯಣದ ಉತ್ತರಕಾಂಡದಲ್ಲಿ ಶೂರ್ಪನಖಿಯ ಗಂಡ ವಿದ್ಯುಜ್ಜಿಹ್ವನನ್ನು ಯುದ್ಧದಲ್ಲಿ ಕೊಂದವನು ಸ್ವತಃ ರಾವಣ. ಅಣ್ಣನಿಂದಲೇ ವಿಧವೆಯಾದವಳು, ಆ ಅಣ್ಣನೇ ನೇಮಿಸಿದಂತೆ ದಂಡಕಾರಣ್ಯ ಸೇರಿದವಳು, ಅಲ್ಲಿ ಒಬ್ಬನನ್ನು ಬಯಸಿ ಬಂದಾಗ ಅಣ್ಣತಮ್ಮಂದಿರಿಬ್ಬರ ಪರಿಹಾಸ್ಯಕ್ಕೆ ಸಿಕ್ಕವಳು: ಕರ್ಣನ ಪೀಠಿಕೆಗಿಂತ ಬಡವಾದ ಪೀಠಿಕೆ ಇದಲ್ಲ. ಎಲ್ಲೋ ಕೆಲವು ಅರ್ಥಧಾರಿಗಳು ಇದನ್ನು ಬಳಸಿಕೊಂಡಿದ್ದಾರೆ. ಪರಂಪರೆ ಅದನ್ನು ನಿರೀಕ್ಷಿಸಿಲ್ಲ. ಹೀಗೆ ಹೆಣ್ಣಿಗಾದ ಗಾಯವು ಅವಳ ಪಾಲಿಗೆ ನಗೆಯಾಗಿ, ಅವಳ ಅಣ್ಣನ ಪಾಲಿಗೆ ಸಮರ್ಥನೆಯಾಗಿ ವಿನಿಯೋಗಗೊಳ್ಳುತ್ತದೆ. ಪ್ರಸಂಗ ಮುಗಿದ ಮೇಲೆ ಚಹಾದಂಗಡಿಯಲ್ಲಿ ನಡೆಯುವ ವಿಮರ್ಶೆಯಲ್ಲಿ ಲಂಕೆಯ ನಾಶಕ್ಕೆ ಮೂಲ ಅವಳೇ ಎಂಬ ತೀರ್ಮಾನವೂ ಸೇರಿಕೊಳ್ಳುತ್ತದೆ.

ಭಾಷೆಯಲ್ಲಿಯೂ ಈ ಭೇದ ಕಾಣುತ್ತದೆ. ಗಂಡುಪಾತ್ರದ ಅತಿರೇಕಕ್ಕೆ ಅಭಿಮಾನಿಗಳು ಬಳಸುವ ಪದ 'ಮೋಹ', ಇಲ್ಲವೆ 'ಛಲ', 'ಸ್ವಾಮಿನಿಷ್ಠೆ', 'ವಿಧಿ'. ಅಂಥದೇ ಬಯಕೆ, ಅಂಥದೇ ಹಟ ಹೆಣ್ಣಿನದಾದಾಗ 'ಚಪಲ', 'ಹೊಟ್ಟೆಕಿಚ್ಚು', 'ಬಜಾರಿತನ'. ಮೊದಲ ಸಾಲಿನ ಪದಗಳು ವ್ಯಕ್ತಿಯ ಹೊರಗಿನಿಂದ ಬಂದೆರಗುವ ಶಕ್ತಿಗಳನ್ನೋ ಒಂದು ಗುಣದ ಅತಿಯನ್ನೋ ಹೇಳುತ್ತವೆ. ಎರಡನೆಯ ಸಾಲಿನವು ಸ್ವಭಾವವನ್ನೇ ಹೇಳುತ್ತವೆ. ಬಂದೆರಗಿದ್ದಕ್ಕೆ ಕನಿಕರವುಂಟು, ಸ್ವಭಾವಕ್ಕೆ ಶಿಕ್ಷೆಯೊಂದೇ.

ಇದಕ್ಕೆ ಅತ್ಯಂತ ಕುತೂಹಲಕರ ನಿದರ್ಶನ ಬಡಗುತಿಟ್ಟಿನ 'ಕೀಚಕವಧೆ'. ಕೀಚಕನಿಗೆ ಕರ್ಣನಂತಹ ದುಃಖದ ಹಿನ್ನೆಲೆಯಿಲ್ಲ. ಅವನು ಮತ್ಸ್ಯದೇಶದ ಸೇನಾಪತಿ, ರಾಣಿ ಸುದೇಷ್ಣೆಯ ತಮ್ಮ, ಅಧಿಕಾರದ ಬಲದಿಂದ ಊಳಿಗದ ಹೆಣ್ಣನ್ನು ಬೆನ್ನಟ್ಟಿದವನು. ಅವನ ಪರವಾಗಿ ಹೇಳಲು ಯಾವ ಪುರಾಣದಲ್ಲಿಯೂ ಏನೂ ಇಲ್ಲ. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ (1933–2017) ಅಪಾರ ಕೀರ್ತಿಯನ್ನು ತಂದ ಪಾತ್ರಗಳಲ್ಲಿ ಭಸ್ಮಾಸುರ, ದುಷ್ಟಬುದ್ಧಿಗಳೊಡನೆ ಕೀಚಕನೂ ಒಬ್ಬ. ಜನ ಬರುತ್ತಿದ್ದುದು ಕೀಚಕವಧೆಯನ್ನು ನೋಡಲೆಂದಲ್ಲ, ಚಿಟ್ಟಾಣಿಯವರ ಕೀಚಕನನ್ನು ನೋಡಲೆಂದು. ಇಲ್ಲಿ ಪೀಠಿಕೆಯ ಕೆಲಸವನ್ನು ಮಾಡಿದ್ದು ಮಾತಲ್ಲ. ಪ್ರವೇಶದ ಕುಣಿತ, ಕಣ್ಣು, ಶೃಂಗಾರದ ಪದ್ಯಗಳಿಗೆ ದೊರೆತ ವಿಸ್ತಾರ. ಸೈರಂಧ್ರಿಯನ್ನು ಕಂಡೊಡನೆ ಅವನಿಗಾಗುವ ತಳಮಳವನ್ನು ಪ್ರೇಕ್ಷಕರು ಅವನ ಒಳಗಿನಿಂದಲೇ ಅನುಭವಿಸುತ್ತಾರೆ. ಅವಳ ಭಯವನ್ನು ಮಾತ್ರ ಹೊರಗಿನಿಂದ ಕಾಣುತ್ತಾರೆ. ಅವಳು ವಿರಾಟನ ಸಭೆಗೆ ಓಡಿಬಂದು ನ್ಯಾಯ ಕೇಳುವ, ಅವನು ಎಲ್ಲರೆದುರು ಅವಳನ್ನು ಒದೆಯುವ ಸಂದರ್ಭ ವ್ಯಾಸನಲ್ಲಿ ವಿರಾಟಪರ್ವದ ಕೇಂದ್ರ. ಆಮೇಲೆ ಅವಳು ಭೀಮನ ಮುಂದೆ ತೋಡಿಕೊಳ್ಳುವ ದುಃಖ, ಗಂಡಂದಿರ ಮೇಲೆ ಹೊರಿಸುವ ಆರೋಪ ಕುಮಾರವ್ಯಾಸನ ಕಾವ್ಯದ ಅತ್ಯಂತ ತೀಕ್ಷ್ಣ ಭಾಗಗಳಲ್ಲೊಂದು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಮೂರು–ನಾಲ್ಕು ಗಂಟೆಯ ಕಾಲಮಿತಿಗೆ ಬಂದಾಗ ನಾನು ಕಂಡ ಪ್ರಯೋಗಗಳಲ್ಲಿ ಕತ್ತರಿ ಮೊದಲು ಬಿದ್ದದ್ದು ಇವೇ ಭಾಗಗಳ ಮೇಲೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಪ್ರೇಕ್ಷಕರು ಮೆಚ್ಚುವುದು ಕಲಾವಿದನನ್ನು, ಪಾತ್ರವನ್ನಲ್ಲ. ರಸಾಸ್ವಾದವನ್ನು ನೀತಿಯ ತಕ್ಕಡಿಯಲ್ಲಿ ತೂಗಬಾರದು ಎಂಬುದು. ಅರ್ಧದಷ್ಟು ಇದು ಒಪ್ಪತಕ್ಕ ಮಾತು. ಆದರೆ ಹಾಗಾಗಿದ್ದರೆ ಒಳ್ಳೆಯ ಹೆಣ್ಣುಬಣ್ಣದ ವೇಷಕ್ಕೂ ಇದೇ ಫಲ ದೊರೆಯಬೇಕಿತ್ತು. ಶೂರ್ಪನಖಿ, ತಾಟಕಿ, ಪೂತನಿಯರ ವೇಷಗಳನ್ನು ಜನ ಮನಸಾರೆ ಮೆಚ್ಚುತ್ತಾರೆ, ಆ ವೇಷಧಾರಿಗಳಿಗೂ ಅಭಿಮಾನಿಗಳಿದ್ದಾರೆ. ಆದರೆ ಆಟ ಮುಗಿದ ಮೇಲೆ ತಾಟಕಿಯ ಬಗ್ಗೆ 'ಪಾಪ' ಎಂದವರುಂಟೆ? ವೇಷದ ಮೆಚ್ಚುಗೆಯು ಪಾತ್ರದ ಕ್ಷಮೆಯಾಗಿ ಪರಿವರ್ತನೆಗೊಳ್ಳುವುದು ಗಂಡುಪಾತ್ರಗಳಲ್ಲಿ ಮಾತ್ರ. ರಸಸಿದ್ಧಾಂತ ಈ ವ್ಯತ್ಯಾಸಕ್ಕೆ ಉತ್ತರ ಕೊಡುವುದಿಲ್ಲ.

ಶಿಷ್ಟಸಾಹಿತ್ಯದ ರಸಿಕರೂ ಇದರಿಂದ ಹೊರತಲ್ಲ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಜನ್ನನ 'ಅನಂತನಾಥಪುರಾಣ'ದ ಚಂಡಶಾಸನನು ಮಿತ್ರನಾದ ವಸುಷೇಣನ ಹೆಂಡತಿ ಸುನಂದೆಯನ್ನು ಅಪಹರಿಸಿದವನು, ಗಂಡನ ತಲೆಯೆಂದು ಮಾಯಾಶಿರಸ್ಸನ್ನು ತೋರಿಸಿ ಅವಳ ಸಾವಿಗೆ ಕಾರಣನಾದವನು. ಅವಳ ಚಿತೆಯಲ್ಲಿ ತಾನೂ ಬೆಂದನೆಂಬ ಕಾರಣಕ್ಕೆ ಅವನು ದುರಂತನಾಯಕನೆಂಬ ಮನ್ನಣೆ ಪಡೆದ. ಅದೇ ಕವಿಯ 'ಯಶೋಧರಚರಿತೆ'ಯ ಅಮೃತಮತಿ ಮಾವಟಿಗನನ್ನು ಬಯಸಿದವಳಾಗಿ ಉಪನ್ಯಾಸಗಳಲ್ಲಿಯೂ ಪಠ್ಯಗಳಲ್ಲಿಯೂ ನೀತಿಪಾಠದ ನಿದರ್ಶನವಾದಳು. ಅವಳ ಅಪರಾಧ ಕಡಿಮೆಯದಲ್ಲ, ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು. ಆದರೆ ಅವಳ ಒಳಗನ್ನು ತೆರೆದು ನೋಡುವ ಆಸಕ್ತಿ ನಮಗೆ ಬಂದದ್ದು ಬಹುಮಟ್ಟಿಗೆ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' (1980) ನಾಟಕದ ನಂತರ.

ಪೀಠಿಕೆಯೇ ತೀರ್ಪನ್ನು ರೂಪಿಸುತ್ತದೆಂಬ ಮಾತು ನಿಜವಾಗಿದ್ದರೆ, ಹೆಣ್ಣಿಗೆ ಪೀಠಿಕೆ ದೊರೆತ ಕಡೆ ತೀರ್ಪು ಬದಲಾಗಬೇಕು. ಇದನ್ನು ಪರೀಕ್ಷಿಸಲು ಪರಂಪರೆಯೇ ನಮಗೊಂದು ಪ್ರಸಂಗವನ್ನು ಒದಗಿಸಿದೆ: 'ಭೀಷ್ಮವಿಜಯ'. ಅಂಬೆಯ ಪಾತ್ರ ಅಲ್ಲಿ ಕೇವಲ ನಿಮಿತ್ತವಲ್ಲ. ಸಾಲ್ವನು ತಿರಸ್ಕರಿಸಿದ ಮೇಲೆ ಅವಳು ಭೀಷ್ಮನೊಡನೆ ನೇರವಾಗಿ ವಾದಿಸುತ್ತಾಳೆ, ಪರಶುರಾಮರ ಮುಂದೆ ತನ್ನ ಕಥೆಯನ್ನು ಮೊದಲಿನಿಂದ ಹೇಳುತ್ತಾಳೆ. ಹಿರಿಯ ಅರ್ಥಧಾರಿಗಳು ಅಂಬೆಯ ಅರ್ಥ ಹೇಳಲು ಹಿಂಜರಿಯುವುದಿಲ್ಲ. ಬದಲಿಗೆ ಅದನ್ನು ಸವಾಲಿನ ಪಾತ್ರವೆಂದೇ ಎಣಿಸುತ್ತಾರೆ. ಪರಿಣಾಮವಾಗಿ, ಪ್ರತಿಜ್ಞಾಪಾಲನೆಗೆ ಆದರ್ಶನಾದ ಭೀಷ್ಮನೇ ಈ ಒಂದು ಪ್ರಸಂಗದಲ್ಲಿ ಉತ್ತರ ಕೊಡಬೇಕಾದವನಾಗಿ ನಿಲ್ಲುತ್ತಾನೆ. ಶ್ರೋತೃಗಳು ಅಂಬೆಯ ಪರವಾಗಿ ಕಣ್ಣೀರಿಡುತ್ತಾರೆ. ಬೇರೆಡೆ ಕರ್ಣನಿಗೆ ಮರುಗುವ ಅದೇ ಶ್ರೋತೃಗಳು. ಅವರ ಸಂಸ್ಕಾರ ಒಂದೇ ರಾತ್ರಿಯಲ್ಲಿ ಬದಲಾಗಿಲ್ಲ. ಬದಲಾದದ್ದು ಮಾತಿನ ಪಾಲು.

ಕೈಕೇಯಿಯ ಉದಾಹರಣೆ ಇವೆರಡರ ನಡುವೆ ನಿಲ್ಲುತ್ತದೆ. ದಶರಥನೊಡನೆ ಅವಳ ಸಂಭಾಷಣೆ ಅರ್ಥಗಾರಿಕೆಗೆ ಒಳ್ಳೆಯ ಅವಕಾಶವೇ. ಯುದ್ಧರಂಗದಲ್ಲಿ ಗಂಡನ ಪ್ರಾಣ ಉಳಿಸಿ ಪಡೆದ ವರಗಳೆಂಬ ವಾದ ಅವಳಿಗಿದೆ. ಅದಕ್ಕಿಂತ ಬಲವಾದುದು ಮತ್ತೊಂದು. ಅಯೋಧ್ಯಾಕಾಂಡದಲ್ಲಿ ಭರತನು ಕಾಡಿಗೆ ಬಂದಾಗ ರಾಮನೇ ಹೇಳುತ್ತಾನೆ: ನಿನ್ನ ತಾಯಿಯನ್ನು ಮದುವೆಯಾಗುವಾಗ ನಮ್ಮ ತಂದೆ ನಿನ್ನ ಅಜ್ಜನಿಗೆ ರಾಜ್ಯವನ್ನೇ ಶುಲ್ಕವಾಗಿ ವಾಗ್ದಾನ ಮಾಡಿದ್ದನು ಎಂದು. ಕೈಕೇಯಿಯ ಪಕ್ಷಕ್ಕೆ ರಾಮನಿಗಿಂತ ದೊಡ್ಡ ಸಾಕ್ಷಿ ಬೇಕೆ? ಈ ಸಾಕ್ಷ್ಯವನ್ನು ಬಲ್ಲ ಅರ್ಥಧಾರಿಗಳಿದ್ದಾರೆ, ಅದನ್ನು ಎತ್ತಿದ್ದೂ ಉಂಟು. ಆದರೂ ಅದು ಅವಳಿಗೆ ಅಂಟಿಕೊಳ್ಳಲಿಲ್ಲ. ಕಾರಣ, ಅವಳ ಎದುರು ನಿಂತವನು ಪುತ್ರವಿಯೋಗದಿಂದ ಸಾಯಲಿರುವ ಮುದುಕ. ಸಭೆಯ ಕಿವಿ ಅವಳ ತರ್ಕದ ಮೇಲಿದ್ದರೂ ಕಣ್ಣು ಅವನ ಮೇಲಿರುತ್ತದೆ. ಕುವೆಂಪು ಅವರು 'ಶ್ರೀ ರಾಮಾಯಣ ದರ್ಶನಂ' (1949) ಕಾವ್ಯದಲ್ಲಿ ಮಂಥರೆಯ ದುಡುಕಿನ ಹಿಂದೆ ಮಮತೆಯನ್ನು ಕಾಣಿಸಿ ಅವಳಿಗೂ ಒಂದು ಪೂರ್ವವೃತ್ತವನ್ನು ಕೊಟ್ಟರು. ಕಾವ್ಯ ಓದಿದವರ ಮಂಥರೆ ಬದಲಾದಳು, ಬೈಗುಳದ ಮಂಥರೆ ಬದಲಾಗಲಿಲ್ಲ.

ಬೈಗುಳವೆಂದಾಗ ಈ ವಿಚಾರದ ಲೌಕಿಕ ಪರಿಣಾಮವನ್ನು ಮರೆಯುವಂತಿಲ್ಲ. ಊರಿನಲ್ಲಿ ಉದಾರಿಯಾದವನು 'ದಾನಶೂರ ಕರ್ಣ', ಪಟ್ಟುಹಿಡಿದವನು 'ಛಲದಂಕಮಲ್ಲ'. ಆಸ್ತಿಯ ಪಾಲು ಕೇಳಿದ ಸೊಸೆ ಕೈಕೇಯಿ, ಎದುರುತ್ತರ ಕೊಟ್ಟವಳು ಶೂರ್ಪನಖಿ, ಸಲಹೆ ಹೇಳಿದ ಮುದುಕಿ ಮಂಥರೆ. ಹಿರಿಯರ ಪಂಚಾಯಿತಿಗೆ ಗಂಡಹೆಂಡಿರ ಜಗಳ ಬಂದಾಗ ಗಂಡನ ಕುಡಿತಕ್ಕೆ ಅವನ ಬಾಲ್ಯ, ಸಾಲ, ಸಹವಾಸಗಳ ಪೀಠಿಕೆಯನ್ನು ಹೇಳುವವರು ನಾಲ್ವರಿರುತ್ತಾರೆ. ಹೆಂಡತಿಯ ಬಿರುಮಾತಿಗೆ ಮಾತ್ರ ಹಿಂದಿನ ದಿನವೊಂದಿತ್ತೆಂದು ಯಾರೂ ಕೇಳುವುದಿಲ್ಲ. ರಂಗಸ್ಥಳದಿಂದ ಜಗಲಿಗೆ ಈ ಅಭ್ಯಾಸ ಬಂತೋ, ಜಗಲಿಯಿಂದ ರಂಗಸ್ಥಳಕ್ಕೆ ಹೋಯಿತೋ ಎಂಬ ಪ್ರಶ್ನೆಗೆ ಒಂದೇ ದಿಕ್ಕಿನ ಉತ್ತರ ಸಾಧ್ಯವಿಲ್ಲ.

ಹೆಂಗಸರೇ ಹಾಡಿದ ಪರಂಪರೆಯಲ್ಲಿ ಈ ಅಸಮತೆ ಇಲ್ಲವೆಂದು ಭಾವಿಸುವುದೂ ಆತುರದ ತೀರ್ಮಾನ. ಬೀಸುವ ಪದಗಳಲ್ಲಿ, ಸೀತೆಯ ವನವಾಸದ ಹಾಡುಗಳಲ್ಲಿ ರಾಮನನ್ನು ನಿಲ್ಲಿಸಿ ಪ್ರಶ್ನಿಸುವ ಧೈರ್ಯವಿದೆ. ಆದರೆ ಸೀತೆಯಿಂದ ರಾವಣನ ಚಿತ್ರ ಬರೆಯಿಸಿ ಅವಳನ್ನು ಕಾಡಿಗಟ್ಟಿಸುವ ಕಥೆಯಲ್ಲಿ ಸಂಚುಗಾರಳು ಬಹುತೇಕ ಇನ್ನೊಬ್ಬ ಹೆಣ್ಣೇ: ಶೂರ್ಪನಖಿ, ಇಲ್ಲವೆ ಅತ್ತೆ, ನಾದಿನಿ. ಸಂದೇಹಪಟ್ಟ ಗಂಡನ ಹೊಣೆ ಅಷ್ಟರಮಟ್ಟಿಗೆ ಹಗುರಾಗುತ್ತದೆ. ಅದೇ ಕಾರಣಕ್ಕೆ, ಕಳೆದ ಕೆಲವು ದಶಕಗಳಲ್ಲಿ ಬೆಳೆದುಬಂದ ಮಹಿಳಾ ತಾಳಮದ್ದಳೆ ತಂಡಗಳಿಂದಲೇ ಎಲ್ಲವೂ ಸರಿಹೋಗುತ್ತದೆಂಬ ಆಶಾವಾದ ನನಗಿಲ್ಲ. ಆ ತಂಡಗಳ ಸಮರ್ಥ ಅರ್ಥಧಾರಿಗಳೂ ಕೃಷ್ಣ, ಕರ್ಣ, ಭೀಷ್ಮರ ಪಾತ್ರಗಳಿಂದಲೇ ತಮ್ಮ ಸಾಮರ್ಥ್ಯವನ್ನು ಸ್ಥಾಪಿಸಬೇಕಾಗಿದೆ. ಪ್ರಸಂಗದ ಪದ್ಯಹಂಚಿಕೆಯೇ ಅವರನ್ನು ಅತ್ತ ಒಯ್ಯುತ್ತದೆ. ಸಂಶೋಧಕರು ಮಾಡಬಹುದಾದ ಕೆಲಸವೊಂದಿದೆ. ನಮ್ಮ ಧ್ವನಿಸಂಗ್ರಹಗಳಲ್ಲಿ ಪ್ರಸಿದ್ಧರ ರಾವಣ, ಕೌರವ, ಕರ್ಣರು ಸಾಕಷ್ಟು ಉಳಿದಿದ್ದಾರೆ. ಶೂರ್ಪನಖಿ, ಕೈಕೇಯಿ, ಸೈರಂಧ್ರಿಯರ ಅರ್ಥಗಳನ್ನು ಹುಡುಕಿ ಲಿಪ್ಯಂತರಿಸಿದರೆ, ಪರಂಪರೆ ಅವರಿಗೆ ಕೊಟ್ಟ ಮಾತೆಷ್ಟು, ಕಾಲಮಿತಿಯಲ್ಲಿ ಕಳೆದುಹೋದದ್ದೆಷ್ಟು ಎಂಬುದು ತಿಳಿಯುತ್ತದೆ.

'ಕೀಚಕವಧೆ'ಯ ಆಟ ಸಾಮಾನ್ಯವಾಗಿ ಕೀಚಕನ ಸಾವಿಗೆ ಮುಗಿಯುತ್ತದೆ. ವಿರಾಟಪರ್ವ ಅಲ್ಲಿಗೆ ನಿಲ್ಲುವುದಿಲ್ಲ. ಮರುಘಳಿಗೆಯಲ್ಲಿ ಉಪಕೀಚಕರು ಹೆಣವನ್ನು ಕಂಡು, ಈ ಸಾವಿಗೆ ಇವಳೇ ಕಾರಣವೆಂದು ಸೈರಂಧ್ರಿಯನ್ನು ಶವದೊಡನೆ ಕಟ್ಟಿ ಸುಡಲು ಹೊತ್ತೊಯ್ಯುತ್ತಾರೆ. ಅದಕ್ಕೆ ಅರಸನ ಅನುಮತಿಯೂ ದೊರೆಯುತ್ತದೆ. ಭೀಮನು ಆ 105 ಜನರನ್ನು ಕೊಂದು ಅವಳನ್ನು ಬಿಡಿಸಿದ ಮೇಲೆ ಊರವರು ಅರಸನ ಬಳಿಗೆ ಬಂದು, ಇಷ್ಟು ಚೆಲುವೆಯಾದವಳು ಊರಿನಲ್ಲಿದ್ದರೆ ಕೇಡು ಎನ್ನುತ್ತಾರೆ. ವಿರಾಟನು ಸುದೇಷ್ಣೆಯ ಮೂಲಕ ಅವಳಿಗೆ ಊರು ಬಿಡುವಂತೆ ಹೇಳಿಕಳುಹಿಸುತ್ತಾನೆ. ಅವಳು ಯಾರನ್ನೂ ದೂರುವುದಿಲ್ಲ. ಇನ್ನು 13 ದಿನಗಳ ಮಟ್ಟಿಗೆ ಸೈರಿಸಿಕೊಳ್ಳಿರೆಂದು ಕೇಳುತ್ತಾಳೆ.